ನಾಲ್ಕು ಗೇಣಿನ ಕಿಟಕಿ

ಮೊದಲು ಮನೆಯ ವಿನ್ಯಾಸವನ್ನು ತಿಳಿಸಿಬಿಡುತ್ತೇನೆ. ಅದು ತಿಳಿಯದಿದ್ದರೆ ಮುಂದಿನ ಯಾವ ಮಾತೂ ತಿಳಿಯದು. ಟಿಳಕವಾಡಿಯಲ್ಲಿ, ರೈಲು ಹಳಿಗೆ ಹೆಚ್ಚು ದೂರವಲ್ಲದ ಓಣಿಯೊಂದರಲ್ಲಿ ನಮ್ಮದು ಹೆಂಚಿನ ಮನೆ. ನಡುವೆ ತೆರೆದ ಅಂಗಳ. ಅಂಗಳದ ಮೂಡಣಕ್ಕೆ ದೊಡ್ಡಪ್ಪನ ಸಂಸಾರ, ಪಡುವಣಕ್ಕೆ ನಮ್ಮದು. ನಾನು ಹುಟ್ಟುವ ಮೊದಲೇ ಅಡುಗೆಮನೆಗಳು ಎರಡಾಗಿದ್ದವು, ಬೀದಿಯ ಬಾಗಿಲುಗಳೂ ಎರಡಾಗಿದ್ದವು. ಅಂಗಳ ಮಾತ್ರ ಒಂದಾಗಿಯೇ ಉಳಿದಿತ್ತು. ಅಲ್ಲಿ ಹೌದು ಎನ್ನುವ ಒಂದು ನೀರಿನ ತೊಟ್ಟಿ, ಒಂದು ಪೇರಲ ಗಿಡ, ಒಂದು ಒರಳುಕಲ್ಲು ಇದ್ದವು. ಅವು ಯಾರವೆಂದು ಯಾರೂ ಕೇಳಿರಲಿಲ್ಲ. ದೊಡ್ಡಪ್ಪನ ಕಡೆಯ ಪಡಸಾಲೆಯಲ್ಲಿ ಆಯಿಯ, ಎಂದರೆ ನನ್ನ ತಂದೆಯ ತಾಯಿಯ, ಹೊರಸು. ಆಕೆಯ ಕಣ್ಣುಗಳಿಗೆ ಪೊರೆ ಬಂದು ಬೆಳಕು ಮತ್ತು ನೆರಳು ಎರಡೇ ಉಳಿದಿದ್ದವು. ಶಾಲೆಯಿಂದ ಬಂದು, ಕೈಕಾಲು ತೊಳೆದು, ಹನ್ನೊಂದು ಹೆಜ್ಜೆಗಳಲ್ಲಿ ಅಂಗಳವನ್ನು ದಾಟಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಆಯಿಗೆ ಕೊಟ್ಟು, ಅವ್ವ ಹಿಂದಿನ ದಿನ ಊಟಕ್ಕೆ ಕುಳಿತಾಗ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಆಕೆಗೆ ಒಪ್ಪಿಸುವುದು ನನ್ನ ಕೆಲಸ. ಕೆಲಸ ಎಂದು ಬರೆದೆ. ಹತ್ತು ವರ್ಷದ ನನಗೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಅವ್ವ ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ಇತಿಹಾಸವನ್ನು ಕಲಿಸುತ್ತಿದ್ದಳು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಸ್ಟೇಷನ್ನಿನ ಬಳಿಯ ರದ್ದಿ ಅಂಗಡಿಯಲ್ಲಿ ಒಮ್ಮೆ ಆಕೆಗೆ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಎಂಟುನೂರು ವರ್ಷಗಳ ಹಿಂದೆ ಯುರೋಪಿನ ರೈನ್ ನದಿಯ ದಂಡೆಯ ಪಟ್ಟಣಗಳಲ್ಲಿ ಯಹೂದಿ ಜನರು ಹೇಗೆ ಬದುಕುತ್ತಿದ್ದರು ಎಂಬುದೇ ಅದರ ವಿಷಯ. ರಾಜರಿಲ್ಲ, ಯುದ್ಧಗಳಿಲ್ಲ; ಒಲೆ, ಬಾವಿ, ದೀಪ, ಮದುವೆ, ಜಗಳ. ಅವ್ವ ಹೋಗುವಾಗ ನಾಲ್ಕು ಪುಟ, ಬರುವಾಗ ನಾಲ್ಕು ಪುಟ ಓದುತ್ತಿದ್ದಳು. ಊಟಕ್ಕೆ ಕುಳಿತಾಗ ಅಪ್ಪನ ಮುಂದೆ, ನನ್ನ ಮುಂದೆ ಅದು ಕನ್ನಡವಾಗಿ ಹರಿಯುತ್ತಿತ್ತು. ಅಪ್ಪ ಮಾತು ಕಡಿಮೆಯ ಮನುಷ್ಯ. ಪುಂಡಿಪಲ್ಯ ಇನ್ನಷ್ಟು ಬೇಕೆಂಬುದನ್ನೂ ಕೈಸನ್ನೆಯಿಂದಲೇ ಹೇಳುತ್ತಿದ್ದ. ಆದರೆ ಆ ಪುಸ್ತಕದ ವಿಷಯ ಬಂದಾಗ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದುದನ್ನು ನಾನು ನೋಡಿದ್ದೇನೆ.

ನಸುಕಿನಲ್ಲಿ ಒಬ್ಬಾತ ಮರದ ಸುತ್ತಿಗೆಯನ್ನು ಹಿಡಿದು ಆ ಓಣಿಯ ಬಾಗಿಲು ಬಾಗಿಲಿಗೂ ಬಡಿದು ಜನರನ್ನು ಪ್ರಾರ್ಥನೆಗೆ ಎಬ್ಬಿಸುತ್ತಿದ್ದನಂತೆ. ಏಳನೆಯ ದಿನ, ಎಂದರೆ ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಚುಕ್ಕಿ ಕಾಣುವವರೆಗೆ, ಯಾರೂ ಒಲೆ ಹೊತ್ತಿಸುತ್ತಿರಲಿಲ್ಲವಂತೆ. ಅದಕ್ಕಾಗಿ ಶುಕ್ರವಾರ ಮಧ್ಯಾಹ್ನವೇ ಹೆಂಗಸರು ಕಾಳು, ಮಾಂಸ ತುಂಬಿದ ಗಡಿಗೆಗಳನ್ನು ಓಣಿಯ ದೊಡ್ಡ ಒಲೆಯೊಳಗೆ ಇಟ್ಟು, ಒಲೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರಂತೆ. ಮರುದಿನ ಮಣ್ಣನ್ನು ಒಡೆದರೆ ಗಡಿಗೆಗಳು ಇನ್ನೂ ಬಿಸಿ. ಮಾಂಸದ ಮಾತು ಬಂದಾಗ ಆಯಿ, ನಮ್ಮ ಮನೆತನದ ಶಿಸ್ತಿಗೆ ತಕ್ಕಂತೆ, ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು. ಮಣ್ಣು ಮೆತ್ತುವ ಮಾತಿಗೆ ಮತ್ತೆ ನನ್ನ ಕಡೆಗೆ ತಿರುಗುತ್ತಿದ್ದಳು. ಆಕೆಯ ಪ್ರಶ್ನೆಗಳು ಬಹಳ ನೇರವಾಗಿದ್ದವು.

"ಅವರ ಕೊರಳಾಗ ಲಿಂಗ ಇರ್ತಿತ್ತೇನಬೇ ಗಂಗಾ?"

"ಇಲ್ಲ ಆಯಿ. ಗಂಡಸರು ಪೂಜಿಗೆ ನಿಂತಾಗ ತೋಳಿಗೊಂದು, ಹಣಿಗೊಂದು ತೊಗಲಿನ ಡಬ್ಬಿ ಕಟ್ಕೋತಿದ್ರಂತ. ಅದರೊಳಗ ಅಕ್ಷರ ಬರದ ಇಟ್ಟಿರ್ತಾರಂತ."

ಆಯಿ ತನ್ನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು.

"ಹಂಗಾರ ನಮ್ಮ ಮಂದೀನ ಅವ್ರು. ದೂರ ಹೋಗ್ಯಾರ ಅಷ್ಟ."

ನನ್ನೊಳಗೆ ಇಂದಿಗೂ ನಿಂತಿರುವುದು ಜೇನಿನ ಸಂಗತಿ. ಆ ಪಟ್ಟಣಗಳಲ್ಲಿ ಮಗುವನ್ನು ಮೊದಲ ದಿನ ಗುರುವಿನ ಬಳಿಗೆ ಕರೆದೊಯ್ದಾಗ, ಹಲಗೆಯ ಮೇಲೆ ಅಕ್ಷರಗಳನ್ನು ಬರೆದು, ಅವುಗಳ ಮೇಲೆ ಜೇನನ್ನು ಸವರಿ, ಮಗುವಿನಿಂದ ನೆಕ್ಕಿಸುತ್ತಿದ್ದರಂತೆ. ಇದನ್ನು ಓದಿದ ದಿನ ಅವ್ವ ರೈಲಿನಿಂದ ಇಳಿದವಳೇ ನನ್ನ ಪಾಟಿಯನ್ನು ತೊಳೆದು, ಐವತ್ತು ಅಕ್ಷರಗಳನ್ನೂ ಬರೆದು, ಜೇನಿಲ್ಲದ್ದಕ್ಕೆ ಕಾಕಂಬಿಯನ್ನು, ಎಂದರೆ ನೀರುಬೆಲ್ಲವನ್ನು, ಸವರಿ ನನ್ನ ಮುಂದೆ ಹಿಡಿದಳು. ನಾನಾಗ ಐದನೆಯ ತರಗತಿ. ಅಕ್ಷರಗಳನ್ನು ಕಲಿತು ಬಹಳ ಕಾಲವಾಗಿತ್ತು. ತಡವಾದರೂ ವಿಧಿ ವಿಧಿಯೇ ಎಂಬುದು ಆಕೆಯ ನಿಲುವು. ನಾನು 'ಅ'ದಿಂದ ಕ್ರಮವಾಗಿ ನೆಕ್ಕುತ್ತ ಬಂದೆ. ಬೆಲ್ಲದ ಹಿಂದೆಯೇ ಬಳಪದ ಸುಣ್ಣದ ರುಚಿ ಬರುತ್ತಿತ್ತು. ಅಂಗಳದ ಆಚೆಯಿಂದ ದೊಡ್ಡವ್ವ ನೋಡುತ್ತಿದ್ದಳು. ಆಕೆ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ದಿನಕ್ಕೆ ಅರವತ್ತು ರೊಟ್ಟಿ ಬಡಿದರೂ ಒಂದರ ಅಂಚೂ ಸೀಳದ ಕೈ ಆಕೆಯದು. ನಾಲಿಗೆಯೂ ಅಷ್ಟೇ ಚುರುಕು.

"ಬಾಯಾರ, ಮಗಳು ಪಾಟಿ ಎಂಜಲ ಮಾಡಾಕತ್ತಾಳ. ನಾಳೆ ಪುಸ್ತಕನೂ ಒಗ್ಗರಣಿ ಹಾಕಿ ಕೊಡ್ರಿ, ತಿಂತಾಳ."

"ತಿನ್ಲಿ ಬಿಡ್ರಿ ಅಕ್ಕಾರ. ಹೊಟ್ಟಿಗೆ ಹೋದದ್ದು ಮರಿಯೂದಿಲ್ಲ."

ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ನಮ್ಮಲ್ಲಿ ಬಾಯಾರು ಎನ್ನುತ್ತಾರೆ. ವಾರಗಿತ್ತಿಯನ್ನು ಹಾಗೆ ಕರೆಯುವುದು ಚುಚ್ಚುಮಾತು. ಆದರೂ ಆ ದಿನಗಳಲ್ಲಿ ಅದರಲ್ಲಿ ನಗುವೇ ಹೆಚ್ಚಾಗಿತ್ತು.

ಒಂದು ರಾತ್ರಿಯ ಊಟಕ್ಕೆ ಅವ್ವ ಅಂಗಳದ ಪದ್ಧತಿಯನ್ನು ಹೇಳಿದಳು. ನಾನು ಕೈ ತೊಳೆಯುವುದನ್ನೂ ಮರೆತು ಕೇಳಿದೆ. ಏಳನೆಯ ದಿನ ಮನೆಯೊಳಗಿನ ವಸ್ತುವನ್ನು ಮನೆಯಿಂದ ಹೊರಗೆ ಒಯ್ಯುವಂತಿಲ್ಲ. ಗಡಿಗೆಯನ್ನಾಗಲಿ, ಪುಸ್ತಕವನ್ನಾಗಲಿ, ತೊಟ್ಟಿಲ ಕೂಸನ್ನಾಗಲಿ. ಅವರ ಮನೆಗಳು ನಮ್ಮಂತೆಯೇ ನಾಲ್ಕಾರು ಸಂಸಾರಗಳು ಒಂದು ಅಂಗಳದ ಸುತ್ತ ಇರುವಂಥವು. ಅಂಗಳ ಎಲ್ಲರದು, ಎಂದಮೇಲೆ ಯಾರೊಬ್ಬರ ಮನೆಯೂ ಅಲ್ಲ. ಹಾಗಾದರೆ ಆ ದಿನ ಈ ಬಾಗಿಲಿನ ಮುದುಕಿಗೆ ಆ ಬಾಗಿಲಿನಿಂದ ಊಟ ಹೇಗೆ ಹೋಗಬೇಕು? ಅದಕ್ಕೆ ಅವರೊಂದು ಉಪಾಯವನ್ನು ಕಂಡುಕೊಂಡಿದ್ದರು. ಹೊತ್ತು ಮುಳುಗುವುದಕ್ಕೆ ಮೊದಲು ಪ್ರತಿಯೊಂದು ಸಂಸಾರವೂ ತನ್ನ ಪಾಲಿನ ರೊಟ್ಟಿಯನ್ನು ತಂದು ಒಂದು ಮನೆಯಲ್ಲಿ ಒಟ್ಟಿಗೆ ಇಡುವುದು. ರೊಟ್ಟಿ ಎಲ್ಲಿ ಕೂಡಿತೋ ಅಲ್ಲಿ ಎಲ್ಲರ ಊಟ ಕೂಡಿತು. ಊಟ ಕೂಡಿದಮೇಲೆ ಅಷ್ಟೂ ಬಾಗಿಲುಗಳು ಒಂದೇ ಮನೆಯ ಬಾಗಿಲುಗಳು. ಆಮೇಲೆ ಅಂಗಳದಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಏನನ್ನು ಬೇಕಾದರೂ ಒಯ್ಯಬಹುದು. ಕಲ್ಲು ಸರಿಯಲಿಲ್ಲ, ತೊಲೆ ಅಲುಗಲಿಲ್ಲ, ನಾಲ್ಕಾರು ರೊಟ್ಟಿಗಳು ಒಂದು ಪಾತ್ರೆಗೆ ಬಿದ್ದವು, ಅಷ್ಟಕ್ಕೇ ಹಲವು ಮನೆಗಳು ಒಂದಾದವು! ಆ ರಾತ್ರಿ ನಮ್ಮ ಅಂಗಳವನ್ನು ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಇಂಥದೊಂದು ಶಕ್ತಿ ದೊಡ್ಡವ್ವನ ರೊಟ್ಟಿಯ ಬುಟ್ಟಿಯೊಳಗೂ ಇದ್ದೀತೆಂದು ನನಗೆ ಅನ್ನಿಸಿತು.

ಜಗಳ ಹುಟ್ಟಿದ್ದು ಅದೇ ತಿಂಗಳು. ಶಾಲೆಯ ಪ್ರದರ್ಶನಕ್ಕಾಗಿ ಅವ್ವ ಆ ಓಣಿಯನ್ನು ಮಣ್ಣಿನಲ್ಲಿ ಮಾಡಲು ತೊಡಗಿದಳು. ಖಾನಾಪುರದ ಕುಂಬಾರರಿಂದ ಹದಮಾಡಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ರೈಲಿನಲ್ಲಿ ತರುತ್ತಿದ್ದಳು. ಅಂಗಳದಲ್ಲಿ ಗೋಣಿತಟ್ಟನ್ನು ಹಾಸಿ, ಅದರ ಮೇಲೆ ಹನ್ನೆರಡು ಮನೆ, ಪ್ರಾರ್ಥನೆಯ ಮಂದಿರ, ಒಲೆ, ಮೆಟ್ಟಿಲಿಳಿದು ಮೀಯುವ ಕೊಳ. ಬಾವಿಯನ್ನು ಮಾಡಿದವಳು ನಾನು. ಒಣಗಲೆಂದು ಅದನ್ನು ಅಲ್ಲಿಯೇ ಬಿಟ್ಟು ಅವ್ವ ರೈಲಿಗೆ ಹೋದಳು. ದೊಡ್ಡವ್ವ ಎಂದಿನಂತೆ ಅಂಗಳವನ್ನು ಸಾರಿಸಲು ಬಂದಳು. ಮಣ್ಣಿನ ಗುಡ್ಡೆಯನ್ನು ಕಂಡಳು. ಎರಡು ಕೊಡ ನೀರು ಸುರಿದು, ಬಳಿದು, ಸೆಗಣಿ ಸಾರಿಸಿ, ರಂಗೋಲಿಯನ್ನೂ ಹಾಕಿದಳು. ಸಂಜೆ ಅವ್ವ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಆ ರಂಗೋಲಿಯ ಮುಂದೆ ನಿಂತಳು.

"ಅಕ್ಕಾರ, ಇಲ್ಲೊಂದು ಓಣಿ ಇತ್ತು."

"ಮಣ್ಣ ಬಿದ್ದಿತ್ತು, ಬಳದೆ. ಅದು ಓಣಿ ಅಂತ ನನಗೇನ ಕನಸ ಬಿದ್ದಿತ್ತು?"

"ನಿಮಗ ಸಾರಸೂದು, ಬಳಿಯೂದು ಬಿಟ್ಟು ಮತ್ತೇನ ಗೊತ್ತಾಗತೈತ್ರಿ?"

ಅವ್ವನ ಬಾಯಿಂದ ಆ ಮಾತು ಹೊರಬಿದ್ದ ಗಳಿಗೆಯಲ್ಲಿಯೇ ಆಕೆಗೆ ಅದರ ತೂಕ ತಿಳಿದಿತ್ತೆಂದು ಅವಳ ಮುಖವನ್ನು ನೋಡಿ ನಾನು ಬಲ್ಲೆ. ಆದರೆ ತಿದ್ದಿಕೊಳ್ಳಲಿಲ್ಲ. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಖರೇ ಐತ್ರಿ ಬಾಯಾರ. ನಾ ಸಾಲಿ ಕಲತಾಕಿ ಅಲ್ಲ. ಇನ್ನ ಮ್ಯಾಲ ನಿಮ್ಮ ಅರ್ಧಾದಾಗ ನೀವು ಓಣಿ ಕಟ್ರಿ, ನನ್ನ ಅರ್ಧಾ ನಾ ಸಾರಸ್ತೀನಿ. ನಡಬರಕ ಗ್ವಾಡಿ ಹಾಕಸ್ತೀನಿ."

"ಹಾಕಸ್ರಿ. ಆ ಕಡಿ ನಾ ಕಾಲಿಟ್ರ ಕೇಳ್ರಿ. ನನ್ನ ಮಗಳೂ ಇಡೂದಿಲ್ಲ."

ದೊಡ್ಡವ್ವನಿಗೆ ನೋವಾಗಿತ್ತು, ಅವ್ವನಿಗೆ ಸಿಟ್ಟು ಬಂದಿತ್ತು; ಆದರೆ ಆಯಿಯನ್ನು ಕಳೆದುಕೊಂಡವಳು ನಾನು. ಅಪ್ಪ ಮತ್ತು ದೊಡ್ಡಪ್ಪ ಎರಡು ಬಾಗಿಲುಗಳಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿ, ಒಟ್ಟಿಗೇ ಒಳಗೆ ಹೋದರು. ಅಣ್ಣತಮ್ಮಂದಿರಲ್ಲಿ ಅಷ್ಟು ಹೊಂದಾಣಿಕೆ ಇತ್ತು. ಮರುದಿನದಿಂದ ಹಾಲು-ರೊಟ್ಟಿಯನ್ನು ದೊಡ್ಡವ್ವನೇ ಕೊಡುತ್ತಿದ್ದಳು. ಸಂಜೆಯಾದರೆ ಆಯಿ ಹೊರಸಿನ ಮೇಲೆ ಎದ್ದು ಕುಳಿತು ನಮ್ಮ ಕಡೆಗೆ ಮುಖ ಮಾಡುತ್ತಿದ್ದಳು. "ಗಂಗಾ ಬಂತೇನು?" ಎಂದು ಕೇಳುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹನ್ನೊಂದು ಹೆಜ್ಜೆಗಳ ದೂರದಲ್ಲಿ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಹೀಗೆ ಎರಡು ವಾರ ಕಳೆದಮೇಲೆ, ಬರುವ ಶನಿವಾರ ಗೋಡೆ ಕಟ್ಟಲು ಗೌಂಡಿ ಬರುತ್ತಾನೆಂದು ಗೊತ್ತಾಯಿತು.

ನಾನು ನಿಯಮಗಳನ್ನು ನಂಬಿದವಳು. ಇಂದಿಗೂ ನಂಬುತ್ತೇನೆ. ಪುಸ್ತಕದಲ್ಲಿ ಉಪಾಯವಿತ್ತು, ಅದನ್ನು ಕ್ರಮಬದ್ಧವಾಗಿ ಮಾಡಬೇಕು, ಅಷ್ಟೇ. ಶುಕ್ರವಾರ ಹೊತ್ತು ಮುಳುಗುವ ಮೊದಲು ನಮ್ಮ ಬುಟ್ಟಿಯಿಂದ ಒಂದು ಜೋಳದ ರೊಟ್ಟಿಯನ್ನು ತೆಗೆದುಕೊಂಡೆ. ದೊಡ್ಡವ್ವ ಹೌದಿನ ಬಳಿ ಬಟ್ಟೆ ಹಿಂಡುತ್ತಿದ್ದಾಗ ಅವರ ಅಡುಗೆಮನೆಗೆ ನುಸುಳಿ, ಅವರ ಬುಟ್ಟಿಯಿಂದ ಒಂದು ಕಡಕ್ ರೊಟ್ಟಿಯನ್ನು ತೆಗೆದೆ. ಎರಡನ್ನೂ ಒಂದು ಹಿತ್ತಾಳೆಯ ಡಬ್ಬಿಯಲ್ಲಿಟ್ಟು, ಆಯಿಯ ಹೊರಸಿನ ಹಿಂದಿನ ಗೂಡಿನಲ್ಲಿ ಇರಿಸಿದೆ. ಆಯಿ ನಿದ್ದೆಯಲ್ಲಿದ್ದಳು. ಸೂರ್ಯ ಮುಳುಗಿದ. ಅಂಗಳ ಒಂದಾಯಿತು. ನನ್ನ ಮೈಯೆಲ್ಲ ನವಿರೆದ್ದಿತು. ಇಷ್ಟು ದೊಡ್ಡ ಸಂಗತಿ ನಡೆದುಹೋದರೂ ದೊಡ್ಡವ್ವನಾಗಲಿ ಅವ್ವನಾಗಲಿ ಏನನ್ನೂ ಅರಿಯದೆ ತಮ್ಮ ತಮ್ಮ ಒಲೆಯ ಮುಂದೆ ಕುಳಿತಿದ್ದರಲ್ಲ ಎಂದು ಬೆರಗಾಗಿತ್ತು.

ಶನಿವಾರ ಬೆಳಿಗ್ಗೆ, ಅವ್ವ ರೈಲಿಗೆ ಹೊರಡುವ ಮೊದಲೇ, ಗೌಂಡಿ ಮಾರುತಿ ಬಂದ. ಖಾನಾಪುರದ ಕಡೆಯವನು, ಅವನ ಕನ್ನಡದಲ್ಲಿ ಅರ್ಧ ಮರಾಠಿ. ಪೇರಲ ಗಿಡದ ಬುಡದಿಂದ ಹೌದಿನವರೆಗೆ ದಾರವನ್ನು ಎಳೆದು ಗೂಟ ಬಡಿಯತೊಡಗಿದ. ನನಗೆ ನಂಬಲಾಗಲಿಲ್ಲ. ಓಡಿ ಹೋಗಿ ದಾರವನ್ನು ಕಾಲಿನಿಂದ ತುಳಿದು ನಿಂತೆ.

"ಗ್ವಾಡಿ ಕಟ್ಟಾಕ ಬರೂದಿಲ್ಲ! ಅಂಗಳ ಒಂದ ಆಗೇತಿ! ರೊಟ್ಟಿ ಕೂಡ್ಯಾವ!"

"ಹೇ ಪೋರಿ, ಬಾಜುಕ ಸರಿ. ಯಾವ ರೊಟ್ಟಿ?"

ಎರಡೂ ಕಡೆಯ ಬಾಗಿಲುಗಳಿಗೆ ಜನ ಬಂದರು. ನಾನು ಡಬ್ಬಿಯನ್ನು ತಂದು ಮುಚ್ಚಳವನ್ನು ತೆಗೆದು ತೋರಿಸಿದೆ. ದೊಡ್ಡವ್ವ ಒಳಗಿದ್ದುದನ್ನು ನೋಡಿದಳು. ತನ್ನ ಕೈಯ ರೊಟ್ಟಿಯನ್ನು ಆಕೆ ಎಲ್ಲಿದ್ದರೂ ಗುರುತಿಸಬಲ್ಲಳು.

"ಅಡ್ಡಿಯಿಲ್ಲ! ನಿನ್ನೆ ಒಂದ ಕಡಿಮಿ ಬಿದ್ದಿತ್ತು, ಬೆಕ್ಕಿನ ಮ್ಯಾಲ ಹಾಕಿದ್ದೆ. ಬಾಯಾರ, ಇದನ್ನೂ ಪುಸ್ತಕದಾಗ ಹೇಳ್ಯಾರೇನು?"

ಅವ್ವನ ಮುಖ ಬಿಳಿಚಿಕೊಂಡಿತು. ಆಕೆ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಆಕೆ ಹೇಳಿದ್ದು ಅದಕ್ಕಿಂತ ಕಠಿಣವಾಗಿತ್ತು.

"ಗಂಗಾ, ಕದ್ದ ರೊಟ್ಟಿ ನಡಿಯೂದಿಲ್ಲ. ಅವರವರು ತಾವಾಗೇ ಕೊಟ್ಟಿರಬೇಕು. ನಾನೂ ಕೊಟ್ಟಿಲ್ಲ, ಅವರೂ ಕೊಟ್ಟಿಲ್ಲ. ಅಂಗಳ ಒಂದಾಗಿಲ್ಲ."

ಆಗ ನಾನು ಅತ್ತೆ. ಅಳು ಪಡಸಾಲೆಗೆ ಮುಟ್ಟಿರಬೇಕು. ಆಯಿ ಗೋಡೆಯನ್ನು ಹಿಡಿದು ಕಟ್ಟೆಯ ಅಂಚಿನವರೆಗೆ ಬಂದಳು. ಅಂಗಳದಲ್ಲಿ ಏನು ನಡೆದಿದೆ ಎಂಬುದು ಆ ಕಡೆಯವರಲ್ಲಿ ಆಕೆಯೊಬ್ಬಳಿಗೆ ಮಾತ್ರ ಪೂರ್ತಿ ತಿಳಿದಿತ್ತು. ಆ ಪದ್ಧತಿಯನ್ನು ನಾನು ಆಕೆಗೆ ಹೇಳಿ ತಿಂಗಳೂ ಆಗಿರಲಿಲ್ಲ. ಕುಳಿತುಕೊಂಡು, ಯಾರ ಕಡೆಗೂ ತಿರುಗದೆ, ದೊಡ್ಡವ್ವನಿಗೆ ಎಲ್ಲವನ್ನೂ ವಿವರಿಸಿದಳು: ಆ ಪಟ್ಟಣ, ಆ ಅಂಗಳ, ಕೂಸನ್ನೂ ಹೊರಗೆ ಒಯ್ಯಬಾರದ ದಿನ, ಕೂಡಿಟ್ಟ ರೊಟ್ಟಿ. ನನ್ನದೇ ಮಾತುಗಳು, ನನ್ನದೇ ಕ್ರಮ. ಗೌಂಡಿಯೂ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ. ದೊಡ್ಡವ್ವ ಸೊಂಟದ ಮೇಲಿನ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು.

"ಅಲ್ರಿ ಅತ್ತಿ, ಅವರಾಗ ಒಬ್ಬಾಕಿ ಕೊಡೂದಿಲ್ಲಂದ್ರ?"

ಉತ್ತರವನ್ನು ಅವ್ವ ಕೊಟ್ಟಳು. ಹದಿನೈದು ದಿನಗಳಲ್ಲಿ ಆಕೆ ವಾರಗಿತ್ತಿಗೆ ಆಡಿದ ಮೊದಲ ಮಾತು ಅದು.

"ಒಬ್ಬಾಕಿ ಕೊಡಲಿಲ್ಲಂದ್ರ ಯಾರಿಗೂ ನಡಿಯೂದಿಲ್ರಿ ಅಕ್ಕಾರ. ಎಲ್ಲಾರೂ ಸಿಕ್ಕೊಂಡಂಗ."

"ಆಕಿ ಸಾಲಿ ಕಲತಿರಲಿ, ಬಿಡಲಿ?"

"ಕಲತಿರಲಿ, ಬಿಡಲಿ. ಕಲತಾರು ಎಷ್ಟ ಮಂದಿ ಇದ್ರೂ ಆಕಿ ರೊಟ್ಟಿ ಇಲ್ಲದ ಅಂಗಳ ಒಂದಾಗೂದಿಲ್ಲ."

ದೊಡ್ಡವ್ವ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ರೊಟ್ಟಿಯ ಮುರಿದಿದ್ದ ಅಂಚನ್ನು ಸರಿಪಡಿಸಿ ಇಟ್ಟಳು. "ಶ್ಯಾಣ್ಯಾ ಮಂದಿ," ಎಂದಳು, ಆ ದೂರದ ಓಣಿಯವರನ್ನು ಕುರಿತು. ಆದರೆ ಗೋಡೆಯ ವಿಷಯದಲ್ಲಿ ಆಕೆ ಜಗ್ಗಲಿಲ್ಲ. ಓಣಿಯ ಜನರಿಗೆಲ್ಲ ಹೇಳಿಯಾಗಿತ್ತು, ಗೌಂಡಿಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತನ್ನು ತಪ್ಪುವ ಮನೆತನ ತನ್ನದಲ್ಲ ಎಂದಳು. ಅವ್ವನೂ 'ತಪ್ಪಾತ್ರಿ ಅಕ್ಕಾರ' ಎಂಬ ಎರಡು ಮಾತುಗಳನ್ನು ಆಡಲಿಲ್ಲ. ಇಬ್ಬರೂ ನಿಯಮದಲ್ಲಿ ಸಿಕ್ಕಿಕೊಂಡಿದ್ದರು. ಬಿಡಿಸಿದವಳು ಆಯಿ.

"ನೀಲವ್ವಾ, ನಡಬರಕ ಗ್ವಾಡಿ ಇದ್ರ ಆ ಮಂದಿ ಏನ ಮಾಡ್ತಿದ್ರು? ಅದನ್ನ ಓದಿಲ್ಲೇನು?"

ತನ್ನ ಹೆಸರನ್ನು ಕೇಳಿ ಅವ್ವ ತಲೆಯೆತ್ತಿದಳು.

"ಓದೇನ್ರಿ ಅತ್ತಿ. ಗ್ವಾಡ್ಯಾಗ ಕಿಟಕಿ ಇದ್ರ ನಡೀತಿತ್ತು. ನಾಲ್ಕು ಅಗಲ, ನಾಲ್ಕು ಎತ್ತರ, ನೆಲಕ್ಕ ಹತ್ತಿರ ಇರಬೇಕು. ಆವಾಗ ಎರಡೂ ಅಂಗಳದವರು ರೊಟ್ಟಿ ಕೂಡಿಸಿ ಇಡಬಹುದು."

"ಇಡಲಿ ಬಿಡ್ರಿ ಒಂದು ಕಿಟಕಿ," ಎಂದಳು ದೊಡ್ಡವ್ವ, ಪೇರಲ ಗಿಡವನ್ನು ನೋಡುತ್ತ. "ಅತ್ತಿಗೆ ಗಾಳಿ ಆದ್ರೂ ಬರ್ತೈತಿ."

ಮಾರುತಿ ಎದ್ದು, ಕೈ ಕೊಡವಿ, ಒಂದು ಬೆರಳನ್ನೆತ್ತಿ ಕೇಳಿದ.

"ನಾಲ್ಕು ಏನ್ರಿ ಬಾಯಾರ? ಬೋಟಾ? ಫೂಟಾ?"

ಅವ್ವ ಬಲಗೈಯನ್ನು ಮುಂದೆ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿ ತೋರಿಸಿದಳು.

"ಗೇಣು."

"ನಾಲ್ಕು ಗೇಣಿಂದು ಖಿಡಕಿ, ಅದೂ ನೆಲದ ಮ್ಯಾಲ? ಅರೇ, ಅದರಾಗ ಆಕಳ ಕರಾ ದಾಟತೈತ್ರಿ!"

"ಪುಸ್ತಕದಾಗ ಹಂಗ ಐತಿ. ಹೇಳಿದಷ್ಟು ಇಡು."

ಗೋಡೆ ಏಳಲು ಮೂರು ದಿನಗಳು ಹಿಡಿದವು. ನೆಲದಿಂದ ಒಂದು ಗೇಣು ಬಿಟ್ಟು, ನಾಲ್ಕು ಗೇಣು ಅಗಲ, ನಾಲ್ಕು ಗೇಣು ಎತ್ತರದ ಕಂಡಿ, ಕದವಿಲ್ಲ, ಸರಳುಗಳಿಲ್ಲ. ಓಣಿಯ ಜನ ಬಂದು ನೋಡಿ ನಕ್ಕುಹೋದರು. ಮುಂದಿನ ಶುಕ್ರವಾರ, ಬಿಸಿಲು ಹೆಂಚಿನಿಂದ ಇಳಿಯುವ ಹೊತ್ತಿಗೆ, ಅವ್ವ ತಾನೇ ಬಡಿದ, ಅಂಚು ಸೀಳಿದ ರೊಟ್ಟಿಯೊಂದನ್ನು ಹಿತ್ತಾಳೆಯ ಡಬ್ಬಿಯಲ್ಲಿಟ್ಟುಕೊಂಡು ಆ ಕಂಡಿಯ ಮುಂದೆ ನಿಂತಳು. ನಿಂತರೆ ಆಚೆ ಏನೂ ಕಾಣುವುದಿಲ್ಲ. ಆಕೆ ಸೀರೆಯನ್ನು ಒತ್ತಿಕೊಂಡು ನೆಲದ ಮೇಲೆ ಕುಳಿತಳು. ಆಚೆಯಿಂದ ಬಳೆಗಳ ಸದ್ದಾಯಿತು. ದೊಡ್ಡವ್ವನೂ ಉಸ್ಸೆಂದು ಮೊಣಕಾಲನ್ನು ಹಿಡಿದುಕೊಂಡು ಕುಳಿತಳು. ಹಿರಿಯ ಸೊಸೆ, ಕಿರಿಯ ಸೊಸೆ, ಇಬ್ಬರ ಮುಖಗಳೂ ಒಂದೇ ಎತ್ತರದಲ್ಲಿದ್ದವು. ನಾನು ಅಂಥದನ್ನು ಅದುವರೆಗೆ ನೋಡಿರಲಿಲ್ಲ.

"ಇದೇನ ರೊಟ್ಟಿ ಬಾಯಾರ, ರೈನ್ ನದಿ ಹರದಂಗ ಸೀಳೇತಿ."

"ನಿಮ್ಮಂಗ ಬಡಿಯಾಕ ನನಗ ಬರೂದಿಲ್ರಿ ಅಕ್ಕಾರ. ಕಲಸ್ರಿ."

ದೊಡ್ಡವ್ವ ತನ್ನ ಎರಡು ರೊಟ್ಟಿಗಳನ್ನು ಡಬ್ಬಿಗೆ ಹಾಕಿದಳು. ಒಂದು ತನ್ನ ಪಾಲಿನದು, ಇನ್ನೊಂದು ಆಯಿಯದು ಎಂದಳು. ಅವ್ವ ಮುಚ್ಚಳವನ್ನು ಒತ್ತಿ, ಡಬ್ಬಿಯನ್ನು ಕಂಡಿಯ ನಡುವೆ ಇಟ್ಟು, ನನ್ನ ಕಡೆಗೆ ತಿರುಗಿ ತಲೆಯಾಡಿಸಿದಳು. ನಾನು ತಲೆಯನ್ನು ಬಗ್ಗಿಸಿ ನಾಲ್ಕು ಗೇಣಿನ ಆ ಕಂಡಿಯ ಮೂಲಕ ಆಚೆಗೆ ದಾಟಿದೆ.

ಅಲ್ಲಿಂದ ಮುಂದೆ ಆಯಿ ಇರುವವರೆಗೂ ದಿನಕ್ಕೆರಡು ಬಾರಿ ದಾಟಿದ್ದೇನೆ. ಅವ್ವ ಆ ಕಡೆ ಕಾಲಿಡುವುದಿಲ್ಲವೆಂದು ಆಡಿದ ಮಾತನ್ನು ಮುರಿದಳೇ ಎಂದು ಕೇಳಿದರೆ, ಇಲ್ಲ. ಆಕೆ ಕಿಟಕಿಯವರೆಗೆ ಬರುತ್ತಿದ್ದಳು, ದೊಡ್ಡವ್ವನೂ ಬರುತ್ತಿದ್ದಳು, ಇಬ್ಬರೂ ನೆಲದ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ನನ್ನನ್ನು ಕುರಿತು ಆಡಿದ್ದ ಮಾತನ್ನು ಮಾತ್ರ ಅವ್ವ ಹಿಂತೆಗೆದುಕೊಂಡಿದ್ದಳು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಕಾಲೇಜಿಗೆ ಸೇರಿದಮೇಲೆ ಆ ಪುಸ್ತಕದ ಆ ಪುಟವನ್ನು ನಾನೇ ಓದಿದೆ. ಅಲ್ಲಿದ್ದ ಅಳತೆ ಗೇಣಲ್ಲ, ಅಂಗೈಯ ಅಗಲ. ಹೆಚ್ಚೆಂದರೆ ನಾಲ್ಕು ಬೆರಳು. ಅಂಥ ನಾಲ್ಕು ಅಗಲಗಳ ಕಿಟಕಿಯೆಂದರೆ ಒಂದು ಬೆಕ್ಕು ನುಸುಳುವಷ್ಟು. ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಅರ್ಧ ಅಂಗುಲದ ತಪ್ಪನ್ನೂ ಬಿಡದ ಅವ್ವ ಇಷ್ಟು ದೊಡ್ಡ ತಪ್ಪನ್ನು ಹೇಗೆ ಮಾಡಿದಳೆಂದು ನನಗೆ ಅಚ್ಚರಿಯಾಯಿತು. ತಪ್ಪನ್ನು ಹಿಡಿದ ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪುಸ್ತಕವನ್ನು ತೆರೆದುಕೊಂಡೇ ಅಡುಗೆಮನೆಗೆ ಹೋದೆ. ಆಕೆ ಮೆಂತೆಯ ಸೊಪ್ಪನ್ನು ಬಿಡಿಸುತ್ತಿದ್ದಳು.

"ಅವ್ವಾ, ನೀ ಗೌಂಡಿಗೆ ತಪ್ಪ ಹೇಳಿದ್ದಿ. ಇದು ಗೇಣಲ್ಲ, ಅಂಗೈ ಅಗಲ."

"ಗೊತ್ತಿತ್ತು."

"ಗೊತ್ತಿತ್ತು ಅಂದ್ರ ಮತ್ಯಾಕ ಹಂಗ ಹೇಳಿದಿ?"

ಆಕೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಅಷ್ಟರಾಗ ನೀ ದಾಟತಿದ್ದಿಲ್ಲ."